ಅಡಿಕೆ ಸುಲಿಯುವ ರಾತ್ರಿಗೆ ಜೋನಿ ಬೆಲ್ಲದ ಬಿಸ್ಕತ್ತು

ಡಿಸೆಂಬರ್ ಬಂತೆಂದರೆ ನಮ್ಮ ಮನೆಯ ಚಹಾ ಪಾತ್ರೆಗೆ ಬಿಡುವಿಲ್ಲ. ಶಿರಸಿ ಸುತ್ತಲಿನ ಹಳ್ಳಿಗಳಲ್ಲಿ ಅದು ಅಡಿಕೆ ಕೊಯ್ಲಿನ ಕಾಲ. ಹಗಲು ಇಳಿಸಿದ ಕೊನೆಗಳ, ಅಂದರೆ ಗೊಂಚಲುಗಳ, ಕಾಯನ್ನು ರಾತ್ರಿ ಸುಲಿಯಬೇಕು. ಸಂಜೆ ಏಳಕ್ಕೆ ಮೆಟ್ಟುಗತ್ತಿಯ ಮುಂದೆ ಕುಳಿತವರು ಏಳುವುದು ಹತ್ತರ ಮೇಲೆ. ತೋಟದಿಂದ ಏರಿ ಬರುವ ಚಳಿಗೆ ಬೆರಳು ಮರಗಟ್ಟುತ್ತವೆ. ಆಗ ಬಿಸಿ ಚಹಾ ಬೇಕು, ಜೊತೆಗೆ ಸಿಹಿಯಾದ ಏನಾದರೂ ಬೇಕು.

ಮೊದಲೆಲ್ಲ ಪೇಟೆಯ ಬಿಸ್ಕತ್ತು ತರುತ್ತಿದ್ದೆವು. ಅದ್ದುವಷ್ಟರಲ್ಲಿ ಮುರಿದು ಲೋಟದ ತಳ ಸೇರುತ್ತಿತ್ತು. ಮನೆಯಲ್ಲಿ ಡಬ್ಬಿಗಟ್ಟಲೆ ಜೋನಿ ಬೆಲ್ಲ (ಅಚ್ಚಾಗದ, ಜೇನಿನಂತೆ ಹರಿಯುವ ಬೆಲ್ಲ) ಇಟ್ಟುಕೊಂಡು ಸಕ್ಕರೆ ಬಿಸ್ಕತ್ತು ಕೊಳ್ಳುವುದು ನನಗೆ ಸರಿಕಾಣಲಿಲ್ಲ. ಮೂರು ವರ್ಷದಿಂದ ನಾನೇ ಮಾಡುತ್ತಿದ್ದೇನೆ.

ಅಳತೆ ಇಷ್ಟು: 250 ಗ್ರಾಂ ಗೋಧಿ ಹಿಟ್ಟು, 100 ಗ್ರಾಂ ತುಪ್ಪ, 120 ಗ್ರಾಂ ಜೋನಿ, ಒಂದು ಚಮಚ ಶುಂಠಿ ಪುಡಿ, ನಾಲ್ಕು ಏಲಕ್ಕಿ, ಚಿಟಿಕೆ ಉಪ್ಪು, ಕಾಲು ಚಮಚ ಅಡುಗೆ ಸೋಡಾ. ನೀರು ಬೇಡ, ಜೋನಿಯಲ್ಲಿರುವ ನೀರೇ ಸಾಕು. ಚಳಿಗೆ ತುಪ್ಪ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಹಾಗೆಯೇ ಹಾಕಿದರೆ ಹಿಟ್ಟು ಕೂಡುವುದಿಲ್ಲ, ಪೂರ್ತಿ ಕರಗಿಸಿದರೆ ಬಿಸ್ಕತ್ತು ಓವನ್‌ನಲ್ಲಿ ಹರಡಿಕೊಳ್ಳುತ್ತದೆ. ಒಲೆಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಇಟ್ಟು, ಬೆರಳಿಟ್ಟರೆ ಕುಸಿಯುವಷ್ಟು ಮೆತ್ತಗಾದಾಗ ಬಳಸುತ್ತೇನೆ.

ಮೊದಲ ವರ್ಷ ವಿದ್ಯುತ್ ಓವನ್ ಅನ್ನು 180 ಡಿಗ್ರಿಗೆ ಇಟ್ಟಿದ್ದೆ. ನಡುಭಾಗ ಬೇಯುವ ಮೊದಲೇ ಅಂಚು ಕರಿದಾಗಿ ಕಹಿಯಾಯಿತು. ಬೆಲ್ಲ ಬೇಗ ಸೀಯುತ್ತದೆ. ಈಗ 160ರಲ್ಲಿ ಹದಿನೈದು ನಿಮಿಷ ಬೇಯಿಸಿ, ಹೊರಗೆ ತೆಗೆದು ಪೂರ್ತಿ ಆರಿಸಿ, ಮತ್ತೆ 120ರಲ್ಲಿ ಹದಿನೈದು ನಿಮಿಷ ಒಣಗಿಸುತ್ತೇನೆ. ಈ ಎರಡನೇ ಸುತ್ತನ್ನು ಬಿಡಲೇಬಾರದು. ಒಳಗಿನ ಪಸೆ ಹೋದರೆ ಮಾತ್ರ ಬಿಸ್ಕತ್ತು ಚಹಾದಲ್ಲಿ ತಾಳಿಕೊಳ್ಳುತ್ತದೆ. ಬಿಸಿಯಿದ್ದಾಗ ಮುಟ್ಟಿ ಮೆತ್ತಗಿದೆ ಎಂದು ಇನ್ನಷ್ಟು ಬೇಯಿಸಲು ಹೋಗಬೇಡಿ, ಆರಿದ ಮೇಲೆ ಅದು ತಾನಾಗಿ ಗಟ್ಟಿಯಾಗುತ್ತದೆ.

ಆಕಾರದ ಬುದ್ಧಿ ಹೇಳಿದ್ದು ಆಯಿ. ನಾನು ದುಂಡಗೆ ಮಾಡಿದ್ದನ್ನು ಕೈಯಲ್ಲಿ ಹಿಡಿದು, "ಇದು ಲೋಟದೊಳಗೆ ಹೋಗುತ್ತದೆಯೇ?" ಎಂದು ಕೇಳಿದಳು. ನಮ್ಮ ಸ್ಟೀಲ್ ಲೋಟದ ಬಾಯಿ ಕಿರಿದು. ಅಂದಿನಿಂದ ಕಿರುಬೆರಳಿನಷ್ಟು ಉದ್ದಕ್ಕೆ ಕತ್ತರಿಸುತ್ತೇನೆ. ಅಡಿಕೆಯ ತೊಗರು (ಒಗರು ರಸ) ಹತ್ತಿದ ಕೈಯವರು ತುದಿ ಹಿಡಿದು ಉಳಿದದ್ದನ್ನು ಅದ್ದಬಹುದು. ಕಂದು ತುಂಡಿನ ಮೇಲೆ ಚಹಾ ಮೆಲ್ಲನೆ ಏರುತ್ತದೆ, ಅಂಚಿನಲ್ಲಿ ತುಪ್ಪದ ಸಣ್ಣ ಹೊಳಪು ಬಿಡುತ್ತದೆ, ಬಾಯಿಗಿಟ್ಟರೆ ಹೊರಗೆ ಮೆದು, ನಡುವೆ ಇನ್ನೂ ಕರುಮ್ ಎನ್ನುತ್ತದೆ. ಇದಕ್ಕಾಗಿ ಎಷ್ಟು ಶ್ರಮಪಟ್ಟರೂ ನನಗೆ ಬೇಸರವಿಲ್ಲ.

ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ. ಪುಡಿ ಸ್ವಲ್ಪ ಹೆಚ್ಚು, ಶುಂಠಿ ಜಜ್ಜಿ ಹಾಕಿ ಕಡಕ್ ಆಗಿ ಕುದಿಸಬೇಕು. ಚಹಾವೂ ಸಿಹಿಯಾದರೆ ಜೋನಿಯ ಪರಿಮಳ ನಾಲಿಗೆಗೆ ತಿಳಿಯುವುದಿಲ್ಲ. ಸಿಹಿ ಬೇಕೇ ಬೇಕು ಎನ್ನುವವರಿಗೆ ಕೆಳಗಿಳಿಸಿದ ಮೇಲೆ ಲೋಟಕ್ಕೆ ಜೋನಿ ಬೆರೆಸಿ ಕೊಡುತ್ತೇನೆ, ಹಾಲಿನೊಂದಿಗೆ ಕುದಿಸಿದರೆ ಒಡೆಯುತ್ತದೆ.

ಬೆಲ್ಲ ಗಾಳಿಯ ತೇವ ಹೀರುತ್ತದೆ, ಹಾಗಾಗಿ ಬಿಗಿ ಮುಚ್ಚಳದ ಡಬ್ಬಿಯೇ ಬೇಕು. ಈಗ ಬಳಸುತ್ತಿರುವುದು ಕಳೆದ ಆಲೆಮನೆಯ ಜೋನಿ, ದಪ್ಪಗಿದೆ. ಹೊಸದು ಬಂದಾಗ ಸ್ವಲ್ಪ ತೆಳುವಾಗಿರುತ್ತದೆ, ಆಗ ಹಿಟ್ಟನ್ನು ಎರಡು ಚಮಚ ಹೆಚ್ಚಿಸಿಕೊಳ್ಳುತ್ತೇನೆ.