ಜಾಮಾದ ಸೈಕಲ್ ಪೆಡಲನ್ನು ಬಿಚ್ಚುವ ಕ್ರಮ

ಪೆಡಲು ಬರುತ್ತಿಲ್ಲವೆಂದು ಬಲ ಹಾಕುವ ಮೊದಲು ದಿಕ್ಕು ಸರಿಯಿದೆಯೇ ಎಂದು ನೋಡಿಕೊಳ್ಳಬೇಕು. ಏಕೆಂದರೆ ಬಲಗಡೆಯ ಪೆಡಲು ಎಲ್ಲ ಬೋಲ್ಟುಗಳಂತೆ ಅಪ್ರದಕ್ಷಿಣವಾಗಿ ಬಿಚ್ಚಿಕೊಂಡರೆ, ಎಡಗಡೆಯದರ ಥ್ರೆಡ್ ಉಲ್ಟಾ ಇರುವುದರಿಂದ ಅದನ್ನು ಪ್ರದಕ್ಷಿಣವಾಗಿ ತಿರುಗಿಸಬೇಕಾಗುತ್ತದೆ. ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿದ್ದಾಗ ಅದನ್ನು ಹಿಂದಿನ ಚಕ್ರದ ಕಡೆಗೆ ಎಳೆಯಬೇಕೆಂಬ ಲೆಕ್ಕ ಎರಡೂ ಬದಿಗೆ ಸರಿಹೋಗುತ್ತದೆ.

ಪೆಡಲಿನ ದಂಡವು ಕ್ರ್ಯಾಂಕಿಗೆ (ಪೆಡಲನ್ನು ಹೊತ್ತು ತಿರುಗುವ ತೋಳಿಗೆ) ಸೇರುವ ಜಾಗಕ್ಕೆ ತುಕ್ಕು ಬಿಡಿಸುವ ಎಣ್ಣೆಯನ್ನು ಎರಡೂ ಕಡೆಯಿಂದ ಬಿಟ್ಟು, ಸಾಧ್ಯವಾದರೆ ಒಂದು ರಾತ್ರಿ ಹಾಗೆಯೇ ಇರಿಸಬೇಕು. ಅಡುಗೆ ಎಣ್ಣೆ ಇದಕ್ಕೆ ಬಾರದು. ಬಳಿಕ ಉದ್ದನೆಯ ಹಿಡಿಯ 15 ಮಿ.ಮೀ. ಸ್ಪ್ಯಾನರನ್ನು ಪೂರ್ತಿ ಕೂರಿಸಿ, ಎದುರಿನ ಕ್ರ್ಯಾಂಕನ್ನು ಮತ್ತೊಬ್ಬರಿಂದ ಹಿಡಿಸಿ, ಒಂದೇ ಸಮನಾಗಿ ಒತ್ತಬೇಕು. ಆಗಲೂ ಜಗ್ಗದಿದ್ದರೆ, ಕ್ರ್ಯಾಂಕು ಅಲ್ಯೂಮಿನಿಯಮ್ಮಿನದಾಗಿದ್ದಲ್ಲಿ, ಎಣ್ಣೆಯನ್ನು ಚೆನ್ನಾಗಿ ಒರೆಸಿ ಅದರ ತುದಿಗೆ ಕುದಿಯುವ ನೀರು ಸುರಿಯಬಹುದು: ಪೆಡಲಿನ ದಂಡದ ಉಕ್ಕಿಗಿಂತ ಹೆಚ್ಚು ಹಿಗ್ಗುವ ಆ ಲೋಹ ಹಿಡಿತ ಸಡಿಲಿಸುತ್ತದೆ.