ಕನ್ನಡ ಚೀಟಿಯ ಕೆಳಗೆ ತೆಲುಗು ಅಕ್ಷರ

ಬಳ್ಳಾರಿಯಲ್ಲಿ ನನ್ನದು ಪಟಗಳಿಗೆ ಕಟ್ಟು ಹಾಕುವ ಅಂಗಡಿ. ಮದುವೆಯ ಫೋಟೋ, ತೀರಿಕೊಂಡ ಹಿರಿಯರ ಫೋಟೋ, ದೇವರ ಪಟ, ಇವುಗಳಿಂದಲೇ ನನ್ನ ಅನ್ನ. ಮೂವತ್ತು ವರ್ಷ ಈ ಕೆಲಸ ಮಾಡಿದ ಮೇಲೆ ಒಂದು ಅಭ್ಯಾಸ ಮೈಗಂಟಿದೆ. ಯಾವ ಚಿತ್ರ ಕೈಗೆ ಬಂದರೂ ಮೊದಲು ಅದರ ಬೆನ್ನು ನೋಡುತ್ತೇನೆ. ಎಷ್ಟು ಬಾರಿ ಕಟ್ಟು ಬಿಚ್ಚಿದ್ದಾರೆ, ಯಾವ ಅಂಟು ಹಾಕಿದ್ದಾರೆ, ಗೋಡೆಯ ತೇವ ಎಲ್ಲಿಯವರೆಗೆ ಏರಿದೆ, ಎಲ್ಲವೂ ಹಿಂದೆ ಬರೆದಿಟ್ಟಂತೆ ಇರುತ್ತದೆ. ಹಳೆಯ ಕಾಮಿಕ್ಸ್‌ಗಳ ಮೂಲಚಿತ್ರಗಳ ಹುಟ್ಟು ಹುಡುಕುವ ಹಂಬಲಕ್ಕೆ ನಾನು ಬಿದ್ದದ್ದೂ ಈ ಅಭ್ಯಾಸದಿಂದಲೇ.

ಕೌಲ್ ಬಜಾರಿನ ರದ್ದಿ ಅಂಗಡಿಯವನು ಒಂದು ಸಂಜೆ ಫೋನು ಮಾಡಿದ. "ಅಣ್ಣಾ, ಮುಚ್ಚಿಹೋದ ಒಂದು ಪ್ರೆಸ್ಸಿನ ಸಾಮಾನು ಬಂದಿದೆ. ದಪ್ಪ ರಟ್ಟುಗಳಿವೆ, ನಿಮ್ಮ ಕಟ್ಟಿನ ಬೆನ್ನಿಗೆ ಆಗುತ್ತವೆ ನೋಡಿ." ಅವನಿಂದ ಆಗಾಗ ರಟ್ಟು ಕೊಳ್ಳುತ್ತಿದ್ದೆ. ಹೋಗಿ ನೋಡಿದರೆ ಒಂಬತ್ತು ಹಾಳೆಗಳು, ಒಂದರ ಮೇಲೊಂದು ಮುಖ ಕೆಳಗಾಗಿ ಬಿದ್ದಿದ್ದವು. ಮೇಲಿನದನ್ನು ತಿರುಗಿಸಿದೆ. ಕಪ್ಪು ಶಾಯಿಯಲ್ಲಿ ಬರೆದ ಆರು ಚೌಕಗಳು. ಹತ್ತಿಯ ಗೋದಾಮು, ತಲೆಗೆ ರುಮಾಲು ಸುತ್ತಿದ ನಾಲ್ವರು ವ್ಯಾಪಾರಿಗಳು, ಕಾಲಿಗೆ ಬಟ್ಟೆ ಕಟ್ಟಿಕೊಂಡ ಒಂದು ಬೆಕ್ಕು. ಆರುನೂರು ರೂಪಾಯಿ ಕೊಟ್ಟು ಒಂಬತ್ತನ್ನೂ ತಂದೆ. ಬೆನ್ನಿನ ರಟ್ಟಾಗಿ ಕತ್ತರಿಸಿ ಹೋಗಬೇಕಿದ್ದ ಹಾಳೆಗಳು ಅವು. ಆ ಯೋಚನೆ ಬಂದರೆ ಈಗಲೂ ಕೈ ತಣ್ಣಗಾಗುತ್ತದೆ.

ಮೊದಲ ವಾರ ನಾನು ಏನೂ ಮಾಡಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಹಳೆಯ ಚಿತ್ರ ಸಿಕ್ಕವರು ಮೊದಲು ಮಾಡುವ ಕೆಲಸ ಒರೆಸುವುದು. ಧೂಳು ಒರೆಸುವಾಗ ಪೆನ್ಸಿಲಿನ ಗುರುತು ಹೋಗುತ್ತದೆ, ಹಳೆಯ ಟೇಪು ಕೀಳುವಾಗ ಅದರಡಿಯ ಬರಹವೂ ಹೋಗುತ್ತದೆ. ಎರಡೂ ಬದಿಯ ಫೋಟೋ ತೆಗೆದೆ. ಅಂಚುಗಳನ್ನು ಬೇರೆಯಾಗಿ ತೆಗೆದೆ. ಪಕ್ಕದಿಂದ ಟಾರ್ಚ್ ಹಿಡಿದು ಮತ್ತೊಮ್ಮೆ ತೆಗೆದೆ. ಓರೆ ಬೆಳಕಿನಲ್ಲಿ ಅಳಿಸಿದ ಪೆನ್ಸಿಲಿನ ಗೀರುಗಳು ಹೊಲದ ಸಾಲುಗಳಂತೆ ಎದ್ದು ಕಾಣುತ್ತವೆ. ಕಂಡದ್ದನ್ನೆಲ್ಲ ಪ್ರತ್ಯೇಕ ನೋಟ್‌ಬುಕ್ಕಿನಲ್ಲಿ ಬರೆದೆ. ಮಾತಿನ ಗುಳ್ಳೆಗಳಲ್ಲಿ ಕನ್ನಡ ಬರೆದ ಚೀಟಿಗಳನ್ನು ಅಂಟಿಸಿದ್ದರು. ಅಕ್ಷರ ಬಹಳ ಅಂದವಾಗಿತ್ತು, ಚೀಟಿಗಳ ಅಂಚು ಮಾತ್ರ ಸೊಟ್ಟಸೊಟ್ಟ. "ಅವಸರದಲ್ಲಿ ಕತ್ತರಿಸಿದ್ದು" ಎಂದು ಬರೆದುಕೊಂಡೆ.

ಅಂಗಡಿಗೆ ಬಂದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಒಂಬತ್ತರಲ್ಲಿ ಒಂದು ಹಾಳೆಯಲ್ಲಿ ಫ್ಯಾಂಟಮ್ ಇದ್ದ. ಅದನ್ನು ಕಂಡವರು, ಇದು ಅಮೆರಿಕದ ಮೂಲಚಿತ್ರ, ಲಕ್ಷಗಟ್ಟಲೆ ಬೆಲೆ ಬರುತ್ತದೆ ಎಂದರು. ಲೀ ಫಾಕ್ ಸೃಷ್ಟಿಸಿದ ಕಾಮಿಕ್ಸ್ ನಾಯಕ ಫ್ಯಾಂಟಮ್ 1936ರ ಫೆಬ್ರುವರಿ 17ರಿಂದ ದಿನಪತ್ರಿಕೆಗಳಲ್ಲಿ ಬಂದವನು; ನಮ್ಮಲ್ಲಿ ಇಂದ್ರಜಾಲ ಕಾಮಿಕ್ಸ್ ಅವನನ್ನು ಕನ್ನಡದಲ್ಲೂ ಓದಿಸಿತು. ಆದರೆ ಆ ಹಾಳೆಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ಕುಂಚದ ಗೆರೆಗೆ ಇರಬೇಕಾದ ಮೈ ಇರಲಿಲ್ಲ. ಶಾಯಿಯ ಗೆರೆ ಕಾಗದದ ಮೇಲೆ ಕೂರುತ್ತದೆ, ತುದಿಯಲ್ಲಿ ಒಣಗಿ ಕಪ್ಪಾಗುತ್ತದೆ, ದೊಡ್ಡ ಕಪ್ಪು ಜಾಗದಲ್ಲಿ ಎಳೆದ ಎಳೆತದ ಗುರುತು ಬಿಡುತ್ತದೆ. ಇಲ್ಲಿ ಕಪ್ಪೆಲ್ಲ ಒಂದೇ ಸಮನಾಗಿತ್ತು, ಮೇಲ್ಮೈ ನುಣುಪಾಗಿತ್ತು, ಅಂಚಿನಲ್ಲಿ ಬೆಳ್ಳಿಯಂಥ ಹೊಳಪು ಎದ್ದಿತ್ತು. ನನ್ನ ಅಂಗಡಿಗೆ ಬರುವ ಅಜ್ಜಂದಿರ ಕಪ್ಪು-ಬಿಳುಪು ಫೋಟೋಗಳಲ್ಲಿ ನೂರಾರು ಬಾರಿ ಕಂಡ ಹೊಳಪು ಅದು. ಫೋಟೋ ಕಾಗದದೊಳಗಿನ ಬೆಳ್ಳಿ ಕಾಲಕ್ರಮದಲ್ಲಿ ಮೇಲೆ ಬರುವುದರಿಂದ ಹಾಗಾಗುತ್ತದೆ. ಅದು ಬ್ರೋಮೈಡ್ ಪ್ರತಿ, ಅಂದರೆ ಚಿತ್ರವನ್ನು ಫೋಟೋ ಕಾಗದದ ಮೇಲೆ ಇಳಿಸಿಕೊಂಡದ್ದು. ಚಿತ್ರ ಬೇರೆ ದೇಶದ್ದು, ಪ್ರತಿ ನಮ್ಮ ದೇಶದ್ದು. ಅದನ್ನು ಬೇರೆ ಲಕೋಟೆಯಲ್ಲಿ ಇಟ್ಟೆ.

ಉಳಿದ ಎಂಟು ಕೈಯಿಂದ ಬರೆದವೇ. ಅವುಗಳಲ್ಲಿ ಎರಡರ ಬೆನ್ನಿನ ಮೇಲೆ ನೇರಳೆ ಶಾಯಿಯ ಮೊಹರು ಇತ್ತು. ಹೆಸರು ಕಲೆಸಿಹೋಗಿತ್ತು, "ಮದ್ರಾಸ್-26" ಮಾತ್ರ ಉಳಿದಿತ್ತು. ಇಲ್ಲಿ ನಾನು ಎಡವಿದೆ. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕೆ ಮೊದಲು ದೊಡ್ಡ ಊರುಗಳಿಗೆ ಹೀಗೆ ವಲಯ ಸಂಖ್ಯೆ ಇರುತ್ತಿತ್ತು. 26 ಎಂದರೆ ವಡಪಳನಿ, ಇಂದಿನ 600026. ವಡಪಳನಿ ಎಂದರೆ ಚಂದಮಾಮ! 1947ರ ಜುಲೈಯಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿ ಆಮೇಲೆ ಕನ್ನಡಕ್ಕೂ ಬಂದು, ನಮ್ಮ ಬಾಲ್ಯವನ್ನೆಲ್ಲ ತುಂಬಿದ ಪತ್ರಿಕೆ. ವಿಕ್ರಮ-ಬೇತಾಳದ ಶಂಕರ್ ಅವರ ಕೈಯೇ ಇರಬಹುದು ಎಂದು ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಸಮಾಧಾನವಾಗಿ ಕುಳಿತು ಯೋಚಿಸಿದೆ. ನಾನು ಬಲ್ಲ ಚಂದಮಾಮದಲ್ಲಿ ಕಥೆ ಅಚ್ಚಿನ ಮೊಳೆಗಳಲ್ಲಿ, ಚಿತ್ರ ಅದರ ಜೊತೆಯಲ್ಲಿ. ಇಲ್ಲಿ ಮಾತಿನ ಗುಳ್ಳೆಗಳಿರುವ ಚೌಕಗಳು. ಮೇಲಾಗಿ ವಡಪಳನಿ ಸಿನಿಮಾ ಸ್ಟುಡಿಯೋಗಳ ಬೀಡು. ಅಲ್ಲಿ ಚಿತ್ರ ಬರೆಯುವವರು, ಚಿತ್ರವನ್ನು ಅಚ್ಚೊತ್ತಲು ಲೋಹದ ಬ್ಲಾಕ್ ಮಾಡುವವರು ಎಷ್ಟು ಮಂದಿ ಇದ್ದಿರಬೇಕು! ಮೊಹರು ಹಾಳೆ ಹಾದುಹೋದ ಬಾಗಿಲನ್ನು ತೋರಿಸುತ್ತದೆ, ಬರೆದ ಕೈಯನ್ನು ತೋರಿಸುವುದಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದಿದ್ದ ಶಂಕರ್ ಅವರ ಹೆಸರನ್ನು ಹೊಡೆದುಹಾಕಿದೆ. ಅಷ್ಟು ದೊಡ್ಡ ಕಲಾವಿದರ ಹೆಸರನ್ನು ಆಸೆಗಾಗಿ ಎರವಲು ತರುವುದು ಅವರಿಗೂ ಅಗೌರವ, ನಿಜವಾಗಿ ಬರೆದವರಿಗೂ ಅನ್ಯಾಯ.

ಕಾಲವನ್ನು ಹೇಳಿದ್ದು ಬೆಲೆ. ಒಂದು ಹಾಳೆ ರಕ್ಷಾಪುಟದ್ದು, ಅದರ ಕೆಳಮೂಲೆಯಲ್ಲಿ "40 ನ.ಪೈ." ಎಂದಿತ್ತು. ನಯಾ ಪೈಸೆ ಚಲಾವಣೆಗೆ ಬಂದದ್ದು 1957ರ ಏಪ್ರಿಲ್ 1ರಂದು, "ನಯಾ" ಎಂಬ ಪದ ಬಿಟ್ಟದ್ದು 1964ರ ಜೂನ್ 1ರಂದು. ಜನ ಹಳೆಯ ರೂಢಿಯನ್ನು ಕೂಡಲೇ ಬಿಡುವುದಿಲ್ಲವಾದ್ದರಿಂದ ಮುಂದಿನ ಗಡಿಗೆ ಒಂದೆರಡು ವರ್ಷ ಸಡಿಲ ಬಿಟ್ಟೆ. ಹಿಂದಿನ ಗಡಿ ಮಾತ್ರ ಕದಲುವುದಿಲ್ಲ. ಅಮರ ಚಿತ್ರ ಕಥೆಯದ್ದೇ ಎಂದು ಹಟ ಹಿಡಿದಿದ್ದ ಗೆಳೆಯರಿಗೆ, ಅನಂತ ಪೈ ಅವರು ಆ ಮಾಲೆಯನ್ನು ಹೊರತಂದದ್ದು 1967ರಲ್ಲಿ ಎಂದು ನೆನಪಿಸಿದೆ. ಇಂದ್ರಜಾಲ ಶುರುವಾದದ್ದು 1964ರ ಮಾರ್ಚಿನಲ್ಲಿ, ಅಂದರೆ ನಯಾ ಪೈಸೆ ಹೋಗಲು ಮೂರು ತಿಂಗಳಿರುವಾಗ.

ಆಮೇಲೆ ಅಳತೆ. ಚೌಕಗಳ ಹೊರ ಅಂಚು 12 ಇಂಚು ಅಗಲ, 18 ಇಂಚು ಎತ್ತರ. ಎಡ ಅಂಚಿನಲ್ಲಿ ಪೆನ್ಸಿಲಿನಿಂದ ಎರಡು ಬಾಣಗಳು, ನಡುವೆ "6". ಬ್ಲಾಕ್ ಮಾಡುವ ಕ್ಯಾಮೆರಾದವನಿಗೆ ಕೊಟ್ಟ ಸೂಚನೆ ಅದು: ಅಗಲವನ್ನು 6 ಇಂಚಿಗೆ ಇಳಿಸು. ಕ್ಯಾಮೆರಾ ಇಳಿಸಿದರೂ ಅಗಲ-ಎತ್ತರದ ಅನುಪಾತ ಬದಲಾಗುವುದಿಲ್ಲ. ಅಚ್ಚಾದ ಚಿತ್ರ 6 ಇಂಚಿಗೆ 9 ಇಂಚು ಇರಲೇಬೇಕು, ಹಾಗಾದರೆ ಪುಸ್ತಕ ಡೆಮ್ಮಿ 1/8 ಎಂಬ ಚಿಕ್ಕ ಆಕಾರದ್ದು ಆಗಲಾರದು, ಅದಕ್ಕಿಂತ ದೊಡ್ಡದಾದ ಕ್ರೌನ್ 1/4 ಆಗಬಹುದು. ಹುಡುಕಬೇಕಾದ ರಾಶಿ ಇದರಿಂದ ಅರ್ಧಕ್ಕೆ ಇಳಿಯಿತು. ರುಮಾಲುಗಳ ಮೇಲೆ, ಗೋದಾಮಿನ ನೆರಳಿನಲ್ಲಿ ತೆಳು ನೀಲಿ ಬಣ್ಣ ಹಚ್ಚಿದ್ದರು. ಕಪ್ಪು-ಬಿಳುಪು ಪುಟಕ್ಕೆ ನೀಲಿ ಏಕೆ ಎಂದು ಕೆಲವರು ಕೇಳಿದರು. ಆ ಕಾಲದ ಬ್ಲಾಕ್ ಕ್ಯಾಮೆರಾದ ಫಿಲಂಗೆ ತೆಳು ನೀಲಿ ಬಿಳಿಯಂತೆಯೇ ಕಾಣುತ್ತದೆ, ಅಚ್ಚಿಗೆ ಬರುವುದಿಲ್ಲ. "ಇಲ್ಲಿ ಚುಕ್ಕೆ ತುಂಬು" ಎಂದು ಬ್ಲಾಕಿನವನಿಗೆ ಹೇಳುವ ಭಾಷೆ ಅದು.

ಆ ಬೇಸಿಗೆಯಲ್ಲಿ ಕೆಲಸ ಬೇರೆ ದಾರಿ ಹಿಡಿಯಿತು. ಬಳ್ಳಾರಿಯ ಬಿಸಿಲಿಗೆ ರಬ್ಬರಿನ ಅಂಟು ಎಷ್ಟು ವರ್ಷ ತಡೆದೀತು? ಎರಡು ಚೀಟಿಗಳು ಕಂದು ಕಲೆಯನ್ನು ಬಿಟ್ಟು ತಾವಾಗಿಯೇ ಎದ್ದುಬಂದವು. ಕೆಳಗೆ ಮತ್ತೆ ಅಕ್ಷರ. ಮೊದಲ ನೋಟಕ್ಕೆ ಕನ್ನಡವೇ ಎನಿಸಿತು. ಹತ್ತಿರ ಹೋದರೆ ತಲೆಕಟ್ಟು ಬೇರೆ, ನಮ್ಮದರಂತೆ ಮಲಗಿರದೆ ಓರೆಯಾಗಿ ಮೇಲಕ್ಕೆ ಚಿಮ್ಮಿತ್ತು. ತೆಲುಗು! ಚೀಟಿಯಲ್ಲಿ "ನ್ಯಾಯಾಧಿಕಾರಿಗಳೇ" ಎಂದಿದ್ದರೆ ಅದರ ಕೆಳಗೆ "ರಾಮನ್ನ" ಎಂದಿತ್ತು. ಪಕ್ಕದ ಕಿರಾಣಿ ಅಂಗಡಿಯ ಅಮ್ಮ ಬಂದು ಓದಿದರು, ಓದುತ್ತಲೇ ನಕ್ಕುಬಿಟ್ಟರು. "ಇದು ಜಾಣ ನ್ಯಾಯಾಧೀಶ ಮರ್ಯಾದ ರಾಮನ್ನನ ಕಥೆಯಪ್ಪಾ! ನಾಲ್ವರು ಪಾಲುದಾರರು, ಬೆಕ್ಕಿನ ಒಂದೊಂದು ಕಾಲು ಒಬ್ಬೊಬ್ಬರದು. ಗಾಯದ ಕಾಲಿಗೆ ಕಟ್ಟಿದ ಎಣ್ಣೆಬಟ್ಟೆಗೆ ಬೆಂಕಿ ತಗುಲಿ, ಬೆಕ್ಕು ಓಡಿ ಹತ್ತಿಯೆಲ್ಲ ಸುಟ್ಟಿತು. ಕುಂಟು ಕಾಲು ತಾನಾಗಿ ಓಡಲಾರದು, ಓಡಿಸಿದ್ದು ಮೂರು ಗಟ್ಟಿ ಕಾಲುಗಳು, ಅವುಗಳ ಒಡೆಯರೇ ನಷ್ಟ ಕೊಡಲಿ ಎಂದ ರಾಮನ್ನ." ಹತ್ತಿಯ ಊರಾದ ಬಳ್ಳಾರಿಯಲ್ಲಿ ಹತ್ತಿಯ ಕಥೆಯನ್ನು ನಾನು ಇಷ್ಟು ದಿನ ಕನ್ನಡದಲ್ಲಷ್ಟೇ ಓದುತ್ತಿದ್ದೆ.

ಎಂದಮೇಲೆ ಹುಡುಕಬೇಕಾದದ್ದು ತೆಲುಗು ಪತ್ರಿಕೆಯನ್ನು. 1953ರಲ್ಲಿ ಮದ್ರಾಸ್ ರಾಜ್ಯದಿಂದ ಬಳ್ಳಾರಿ ಮೈಸೂರಿಗೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಗಡಿ ಬಂದರೂ ನೆಂಟಸ್ತಿಕೆ ನಿಲ್ಲಲಿಲ್ಲ, ನನ್ನ ಗಿರಾಕಿಗಳಲ್ಲಿ ಇಂದಿಗೂ ಎಷ್ಟೋ ಮಂದಿ ಆದೋನಿಯವರು. ಕಟ್ಟು ಹಾಕಿಸಲು ಬಂದವರಿಗೆಲ್ಲ ಚಿತ್ರದ ಫೋಟೋ ತೋರಿಸಿ ಕೇಳುತ್ತಾ ಹೋದೆ. ಏಳು ತಿಂಗಳಿಗೆ ಆದೋನಿಯ ಹತ್ತಿ ದಲ್ಲಾಳಿಯೊಬ್ಬರ ಅಟ್ಟದಲ್ಲಿ, ಮಕ್ಕಳ ಮಾಸಿಕವೊಂದರ ಹೊಲಿದ ಸಂಪುಟ ಸಿಕ್ಕಿತು. 1962ರ ಒಂದು ಸಂಚಿಕೆಯಲ್ಲಿ ಗೋದಾಮು, ರುಮಾಲು, ಬೆಕ್ಕು! ಆ ಪುಟ ತೆರೆದಾಗ ನಾನು ಅಟ್ಟದ ಮೇಲೆಯೇ ಕುಳಿತುಬಿಟ್ಟೆ. ಚಿತ್ರಕಾರರ ಕುಟುಂಬವನ್ನು ಇನ್ನೂ ಹುಡುಕುತ್ತಿದ್ದೇನೆ; ಅವರನ್ನು ಕಂಡು ಮಾತಾಡುವ ತನಕ ಪತ್ರಿಕೆಯ ಹೆಸರನ್ನು ಬರೆಯುವುದಿಲ್ಲ.

ಚಿತ್ರ ಹೋಲುತ್ತದೆ ಎಂದ ಮಾತ್ರಕ್ಕೆ ಅದೇ ಮೂಲ ಎನ್ನಲಾಗದು, ಅಚ್ಚಾದದ್ದನ್ನು ನೋಡಿ ಯಾರಾದರೂ ನಕಲು ಮಾಡಿರಬಹುದು. ನಾನು ಮುಖಗಳನ್ನು ಹೋಲಿಸುವುದಿಲ್ಲ, ಅಪಘಾತಗಳನ್ನು ಹೋಲಿಸುತ್ತೇನೆ. ಮೂರನೆಯ ಚೌಕದಲ್ಲಿ ಬೆಕ್ಕಿನ ಬಾಲ ಬರೆಯುವಾಗ ಕುಂಚ ಕವಲೊಡೆದು ಎರಡು ಗೆರೆಯಾಗಿದೆ. ಅಚ್ಚಿನಲ್ಲಿ ಅವೆರಡೂ ಕೂಡಿಕೊಂಡು ಒಂದು ದಪ್ಪ ಗೆರೆಯಾಗಿದೆ. ಸತುವಿನ ತಗಡನ್ನು ಆಮ್ಲದಲ್ಲಿ ತಿನ್ನಿಸಿ ಮಾಡಿದ ಬ್ಲಾಕು ಒರಟು ಕಾಗದದ ಮೇಲೆ ಒತ್ತಿದಾಗ ಸೂಕ್ಷ್ಮ ಗೆರೆಗಳು ಹೀಗೆ ತುಂಬಿಕೊಳ್ಳುತ್ತವೆ. ನಕಲು ಮಾಡುವವನು ದಪ್ಪ ಗೆರೆಯನ್ನೇ ಬರೆಯುತ್ತಾನೆ, ಕವಲು ಅವನಿಗೆ ಹೇಗೆ ಗೊತ್ತಾಗಬೇಕು? ಐದನೆಯ ಚೌಕದಲ್ಲಿ ಒಬ್ಬ ವ್ಯಾಪಾರಿಯ ಕೈಯನ್ನು ಬಿಳಿ ಬಣ್ಣ ಬಳಿದು ತಿದ್ದಿದ್ದಾರೆ. ಅಚ್ಚಿನಲ್ಲಿ ತಿದ್ದಿದ ಕೈ ಮಾತ್ರ ಇದೆ, ಹಾಳೆಯಲ್ಲಿ ತಿದ್ದುವ ಮೊದಲಿನ ಕೈಯೂ ಇದೆ.

ಹಿಂದೊಮ್ಮೆ ಒಬ್ಬರು 1940ರ ದಶಕದ್ದು ಎಂದು ಒಂದು ಹಾಳೆ ಮಾರಲು ಬಂದಿದ್ದರು. ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ಹಿಡಿದಾಗ ಕಾಗದ ನೀಲಿ-ಬಿಳಿಯಾಗಿ ಬೆಳಗಿತು. ಕಾಗದಕ್ಕೆ ಹಾಗೆ ಬೆಳಗುವ ರಾಸಾಯನಿಕ ಸೇರಿಸತೊಡಗಿದ್ದು ಸುಮಾರು 1950ರಿಂದ ಈಚೆಗೆ. ಬೆಳಗದಿದ್ದರೆ ಹಳೆಯದು ಎಂದು ಸಾಬೀತಾಗುವುದಿಲ್ಲ, ಬೆಳಗಿದರೆ ಮಾತ್ರ ಅಷ್ಟು ಹಳೆಯದಲ್ಲ ಎಂದು ಖಚಿತ.

ಮದ್ರಾಸಿನ ಚಿತ್ರಕ್ಕೆ ಕನ್ನಡದ ಚೀಟಿ ಅಂಟಿಸಿದವರು ಯಾರು? ಬ್ರೂಸ್ ಪೇಟೆಯಲ್ಲಿ ಒಬ್ಬ ಹಿರಿಯರಿದ್ದಾರೆ, ಹದಿನಾರನೆಯ ವಯಸ್ಸಿನಲ್ಲಿ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಹಂಚುವ ಕೆಲಸಕ್ಕೆ ಸೇರಿ, ಮೊಳೆ ಜೋಡಿಸುವ ಕಂಪೋಸಿಟರ್ ಆಗಿ ನಿವೃತ್ತರಾದವರು. ಹಾಳೆಯನ್ನು ಅವರ ಮುಂದಿಟ್ಟೆ. ಚಿತ್ರವನ್ನು ಅವರು ನೋಡಲೇ ಇಲ್ಲ, ಕಣ್ಣು ನೇರವಾಗಿ ಅಕ್ಷರಕ್ಕೆ ಹೋಯಿತು.

"ಕನ್ನಡದಲ್ಲೂ ಹೊರಡಿಸೋಣ ಎಂದು ನಮ್ಮ ಯಜಮಾನರು ಹೊರಟಿದ್ದರಪ್ಪಾ. ಚಿತ್ರ ಮದ್ರಾಸಿನಿಂದ ಬರುತ್ತಿತ್ತು, ಇಲ್ಲಿ ಚೀಟಿ ಹಚ್ಚಿ ಮತ್ತೆ ಬ್ಲಾಕಿಗೆ ಅಲ್ಲಿಗೇ ಕಳಿಸುತ್ತಿದ್ದೆವು. ಬ್ಲಾಕು ಗುಂತಕಲ್ ಮೇಲೆ ರೈಲಿನಲ್ಲಿ ಬರುತ್ತಿತ್ತು" ಎಂದರು.

"ಅಕ್ಷರ ಬರೆದವರು ಯಾರು ತಾತಾ?"

"ಈ 'ಳ' ನೋಡು. ಬಾಲವನ್ನು ಹೀಗೆ ಒಳಗೆ ಮಡಚುತ್ತಿದ್ದವನು ಊರಿನಲ್ಲಿ ಒಬ್ಬನೇ. ಅಂಗಡಿ ಬೋರ್ಡು ಬರೆಯುತ್ತಿದ್ದ."

ಮರುದಿನ ಬೆಳಗ್ಗೆಯೇ ತೇರು ಬೀದಿಯಲ್ಲಿ ನಡೆದೆ. ಹೊಸ ಫಲಕಗಳ ಹಿಂದೆ, ಒಂದು ಬೀಗ ಹಾಕಿದ ಅಂಗಡಿಯ ಮೇಲೆ, ಮಾಸಿದ ಎಣ್ಣೆಬಣ್ಣದಲ್ಲಿ "ಕಾಳುಗಳ ವ್ಯಾಪಾರಿಗಳು" ಎಂದಿತ್ತು. ಮೂರು "ಳ", ಮೂರರ ಬಾಲವೂ ಒಳಗೆ ಮಡಚಿತ್ತು. ಫೋಟೋ ತೆಗೆದು ಚೀಟಿಯ ಪಕ್ಕದಲ್ಲಿಟ್ಟು ನೋಡಿದೆ. ಆ ಕ್ಷಣದಿಂದ ಇದು ಮದ್ರಾಸಿನ ಹಾಳೆ ಎನ್ನುವುದನ್ನು ಬಿಟ್ಟೆ. ನೋಟ್‌ಬುಕ್ಕಿನಲ್ಲಿ "ಮೂಲ" ಎಂಬ ಒಂದೇ ಕಲಮು ಇತ್ತು. ಅದನ್ನು ಒಡೆದು ಚಿತ್ರ, ಅಕ್ಷರ, ಬ್ಲಾಕು ಎಂದು ಬೇರೆ ಬೇರೆ ಮಾಡಿದೆ.

ಅಕ್ಷರ ಬರೆದವರು ತೀರಿಕೊಂಡು ಬಹಳ ಕಾಲವಾಗಿದೆ. ಅವರ ಮಗಳು ಇದೇ ಊರಿನಲ್ಲಿದ್ದಾರೆ, ಎಪ್ಪತ್ತು ದಾಟಿದವರು. ಕಾಫಿ ಲೋಟವನ್ನು ದೂರ ಸರಿಸಿ, ಸೆರಗಿಗೆ ಕೈ ಒರೆಸಿಕೊಂಡು ಹಾಳೆಯ ಮೇಲೆ ಬಾಗಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದು ಚೀಟಿಯ ಅಂಚಿನ ಮೇಲೆ, ಮುಟ್ಟದೆ, ಬೆರಳು ಓಡಿಸಿದರು.

"ಅಪ್ಪ ರಾತ್ರಿ ದೀಪದ ಮುಂದೆ ಕೂತು ಬರೆಯುತ್ತಿದ್ದರು. ಒಣಗಿದ ಮೇಲೆ ಕತ್ತರಿಸಿ ಕೊಡುವುದು ನನ್ನ ಕೆಲಸ. ಕತ್ತರಿ ದೊಡ್ಡದು, ಕೈಗೆ ನಿಲ್ಲುತ್ತಿರಲಿಲ್ಲ. ಸೊಟ್ಟ ಆಗಿದೆ ನೋಡಿ."

ಅಂಗಡಿಗೆ ಬಂದು ನೋಟ್‌ಬುಕ್ ತೆಗೆದೆ. "ಅವಸರದಲ್ಲಿ ಕತ್ತರಿಸಿದ್ದು" ಎಂಬುದನ್ನು ಹೊಡೆದು, ಹೊಸ ಕಲಮು ಹಾಕಿ ಬರೆದೆ: ಚೀಟಿ ಕತ್ತರಿಸಿದವರು, ಮಗಳು, ಆಗ ಏಳು ವರ್ಷ.