ಕೆರೆ ತುಂಬಿದ ಮೇಲೆ ಹಳದಿಯಾದ ಕೋಸು

ನಮ್ಮ ಎಲೆಕೋಸಿನ ಅರ್ಧ ಎಕರೆ ಕೆರೆ ಏರಿಯ ಕೆಳಗಡೆ ಇದೆ. ಅಪ್ಪ ಕೆರೆಗೋಡು, ಅಂದರೆ ಕೆರೆಯ ಹೂಳು ಮಣ್ಣು ಹೊಡೆಸಿ ಮಾಡಿದ ನೆಲ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೋಲಾರದ ಕೆರೆಗಳಿಗೆ ಬರಲು ಶುರುವಾಯಿತಲ್ಲ, ಆಮೇಲೆ ನಮ್ಮ ಬೋರೂ ಚೇತರಿಸಿಕೊಂಡಿತು. ಒಂದು ಇಂಚು ನೀರಿಗೆ ಕಾದು ಕೂತವರಿಗೆ ಎರಡೂವರೆ ಇಂಚು ಬಂದರೆ ಕೈ ನಿಲ್ಲುತ್ತದೆಯೇ? ರಾತ್ರಿ ತ್ರೀ ಫೇಸ್ ಕರೆಂಟು ಬಂದೊಡನೆ ಆಟೋ ಸ್ಟಾರ್ಟರ್ ಮೋಟಾರ್ ಎತ್ತುತ್ತಿತ್ತು, ಬೆಳಗಾಗುವವರೆಗೂ ಸಾಲು ತುಂಬ ನೀರು.

ನಾಟಿಯಾಗಿ ಐದನೇ ವಾರ. ಮೇಲಿನ ಸಾಲುಗಳು ಕಡು ಹಸಿರು, ತಗ್ಗಿನ ಸಾಲುಗಳಲ್ಲಿ ಬುಡದ ಎಲೆ ಹಳದಿ. ಪಕ್ಕದ ಹೊಲದ ಹುಡುಗ, "ಏನಣ್ಣಾ, ಆ ಕಡೆ ಯೂರಿಯಾ ಮರ್ತೋದ್ರಾ?" ಅಂದ. ಮರೆತಿರಲಿಲ್ಲ. 45 ಕೆ.ಜಿ. ಮೂಟೆಯನ್ನು ಎಲ್ಲ ಕಡೆಗೂ ಸಮನಾಗಿ ಎರಚಿದ್ದೆ. ಅದರಲ್ಲಿ 46 ಪರ್ಸೆಂಟ್, ಅಂದರೆ 20 ಕೆ.ಜಿ.ಗೂ ಮೇಲೆ ಸಾರಜನಕ. ಎಲ್ಲಿಗೆ ಹೋಯಿತು? ಬೇಗ ಹಿಡಿಯಲಿ ಅಂತ ಕ್ಯಾಲ್ಸಿಯಂ ನೈಟ್ರೇಟ್ ತಂದು ಹಾಕಿ, ಮತ್ತೆ ನೀರು ಬಿಟ್ಟೆ. ವಾರ ಕಳೆದರೂ ಹಳದಿ ಇಳಿಯಲಿಲ್ಲ.

ಕೊನೆಗೆ ಗುದ್ದಲಿ ಹಿಡಿದು ಅಗೆದೆ. ಒಂದು ಗೇಣು ಕೆಳಗೆ ಮಣ್ಣು ಬೂದಿ ಬಣ್ಣ, ನಡುನಡುವೆ ತುಕ್ಕಿನ ಚುಕ್ಕೆ, ಮೂಗಿಗೆ ಚರಂಡಿ ವಾಸನೆ. ಹಸಿಯಾಗೇ ಹಾಕಿದ್ದ ಕೋಳಿ ಗೊಬ್ಬರದ ಗಂಟು ಇನ್ನೂ ಕರಗಿರಲಿಲ್ಲ. ಗಿಡದ ಬೇರುಗಳೆಲ್ಲ ಕಂದು.

ಆ ಹೆಂಟೆಯನ್ನೇ ಕವರಿನಲ್ಲಿ ಕಟ್ಟಿಕೊಂಡು ತಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆ. ಅಲ್ಲಿ ತಿಳಿದದ್ದು ಇಷ್ಟು. ಯೂರಿಯಾ ಮೊದಲು ಅಮೋನಿಯಂ ಆಗಿ ಮಣ್ಣಿಗೆ ಅಂಟಿಕೊಳ್ಳುತ್ತದೆ, ಗಾಳಿ ಇರುವ ಬೆಚ್ಚನೆಯ ಮಣ್ಣಿನಲ್ಲಿ ದಿನ ಕಳೆದಂತೆ ನೈಟ್ರೇಟ್ ಆಗುತ್ತದೆ. ಆಮೇಲೆ ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿದರೆ ಬ್ಯಾಕ್ಟೀರಿಯಾಗಳು ಉಸಿರಿಗಾಗಿ ನೈಟ್ರೇಟಿನ ಆಮ್ಲಜನಕಕ್ಕೇ ಕೈ ಹಾಕುತ್ತವೆ. ಉಳಿದ ಸಾರಜನಕ ಅನಿಲವಾಗಿ ಆಕಾಶಕ್ಕೆ. ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿಯೂ ಹೋಗುತ್ತದೆ, ಅದು ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಿಸಿ ಹಿಡಿಯುವಂಥದ್ದು. ಇದೇ ಡಿನೈಟ್ರಿಫಿಕೇಶನ್. ಹಸಿ ಕೋಳಿ ಗೊಬ್ಬರ ಆ ಬ್ಯಾಕ್ಟೀರಿಯಾಗಳಿಗೆ ಊಟ. ನಾನು ಊಟ ಬಡಿಸಿ, ಗಾಳಿ ಮುಚ್ಚಿ, ಮೇಲೆ ನೇರವಾಗಿ ನೈಟ್ರೇಟನ್ನೇ ಸುರಿದಿದ್ದೆ! ಬೇವು ಲೇಪಿತ ಯೂರಿಯಾ ಅಲ್ಲವೇ ಎಂದರೆ, ಬೇವು ನೈಟ್ರೇಟ್ ಆಗುವುದನ್ನು ನಿಧಾನ ಮಾಡುತ್ತದೆ, ತಡೆದು ನಿಲ್ಲಿಸುವುದಿಲ್ಲ. ಹಳದಿಗೆಲ್ಲ ಇದೊಂದೇ ಕಾರಣ ಅನ್ನಲಾರೆ, ಬೇರಿಗೂ ಉಸಿರು ಕಟ್ಟಿತ್ತು.

ಆರು ದಿನ ನೀರು ನಿಲ್ಲಿಸಿ, ತಗ್ಗಿನ ಬದಿಗೆ ಒಂದಡಿ ಆಳದ ಬಸಿಗಾಲುವೆ ತೆಗೆದೆ. ಲೀಟರಿಗೆ 10 ಗ್ರಾಂ ಯೂರಿಯಾ ಕರಗಿಸಿ ಎಲೆಗೆ ಎರಡು ಸಲ ಹೊಡೆದೆ. ಸುಳಿ ಹಸಿರಾಯಿತು, ಆದರೂ ಆ ಸಾಲಿನ ಕೋಸು ಮುಷ್ಟಿ ಗಾತ್ರ ದಾಟಲಿಲ್ಲ.

ಮುಂದಿನ ಬೆಳೆಗೆ ಏರುಮಡಿ, ಡ್ರಿಪ್, ಮೇಲೆ ಪ್ಲಾಸ್ಟಿಕ್ ಶೀಟ್ ಹೊದಿಸುವ ಮಲ್ಚಿಂಗ್. ಕೋಳಿ ಗೊಬ್ಬರ ಚೆನ್ನಾಗಿ ಕಳಿತ ಮೇಲೆಯೇ ಹೊಲಕ್ಕೆ. ಯೂರಿಯಾ ವಾರಕ್ಕೆ ಎರಡು ಮೂರು ಕೆ.ಜಿ.ಯಂತೆ, ಡ್ರಿಪ್ ನೀರಿಗೆ ಗೊಬ್ಬರ ಎಳೆದು ಬೆರೆಸುವ ವೆಂಚುರಿಯಲ್ಲಿ. ಡ್ರಿಪ್ ಇದೆಯಲ್ಲ ಎಂಬ ಧೈರ್ಯದಲ್ಲಿ ಮೊದಲ ವಾರ ನಾಲ್ಕು ಗಂಟೆ ಬಿಟ್ಟು, ಶೀಟ್ ಎತ್ತಿ ನೋಡಿದರೆ ಡ್ರಿಪ್ಪರ್ ಕೆಳಗೆ ಅದೇ ಕೆಸರು. ಈಗ ನಲವತ್ತು ನಿಮಿಷ. ಗೊಬ್ಬರ ಬಿಡುವ ಮೊದಲು ಒಂದು ಹಿಡಿ ಮಣ್ಣು ಹಿಂಡುತ್ತೇನೆ, ನೀರು ಒಸರಿದರೆ ಆ ದಿನ ಮೂಟೆ ಬಿಚ್ಚುವುದಿಲ್ಲ.

ಆಟೋ ಸ್ಟಾರ್ಟರ್ ಕಿತ್ತುಹಾಕಿದೆ. ಅಪ್ಪನಿಗೆ ಇನ್ನೂ ಸಿಟ್ಟು: "ನೀರಿಲ್ದಾಗ ಅಳ್ತಿದ್ದ, ಬಂದ್ಮೇಲೆ ಗಡಿಯಾರ ನೋಡ್ತಾನೆ."